ಮಾವನ ಕೈ ಕರೆಯಿತೋ, ಕಳಿಸಿತೋ

ನಮ್ಮ ಸೋದರಮಾವನಿಗೆ ಹತ್ತು ನಾಲಿಗೆಗಳಿದ್ದವು. ಹತ್ತೂ ಕೈಯಲ್ಲೇ! ಬಾಯಲ್ಲಿದ್ದ ಹನ್ನೊಂದನೆಯದು ಬರೀ ರುಚಿ ನೋಡುವುದಕ್ಕೆ. ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಕೊನೆಯ ದಿನ ನನ್ನತ್ತ ನೋಡಿ ಕೈಯಲ್ಲಿ ಏನೋ ಹೇಳಿದರು. ಏನು ಹೇಳಿದರೆಂದು ನನಗಿನ್ನೂ ತಿಳಿದಿಲ್ಲ.

ತಪ್ಪು ಅವರದಲ್ಲ, ಬಟ್ಟೆ ಮಿಲ್ಲಿನದು. ಪಕ್ಕದವನು ಕೂಗಿದರೂ ಕೇಳಿಸದಂಥ ಮಗ್ಗದ ಗದ್ದಲದಲ್ಲಿ ತಲೆ ನರೆಯುವವರೆಗೂ ದುಡಿದವರು ಅವರು. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರಂತೆ. ಸರಿ, ಮಿಲ್ಲಿನ ಮಾತನ್ನು ಮಿಲ್ಲಿನಲ್ಲೇ ಬಿಟ್ಟು ಬರಬಾರದೆ? ಜಯನಗರದ ಅವರ ಮನೆಯ ಸುತ್ತ ಆಗ ಬರೀ ಖಾಲಿ ಸೈಟುಗಳು. ಗುಬ್ಬಿ ಕೆಮ್ಮಿದರೂ ಕೇಳುವಷ್ಟು ನಿಶ್ಶಬ್ದ. ಅಲ್ಲೂ ಮಾವನ ಬಾಯಿ ತೆರೆಯದು! ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರೆ ಮಿಲ್ಲಿನಲ್ಲಿ ‘ನೂಲು ಕಡಿದಿದೆ’ ಎಂದರ್ಥ. ಊಟಕ್ಕೆ ಕೂತಾಗ ಅದೇ ಸನ್ನೆ ಮಾಡಿದರೆ ಸಾರು ಕೆಟ್ಟಿದೆ ಎಂದರ್ಥ. ಅತ್ತೆ ಒಳಗಿನಿಂದ ಕತ್ತರಿ ತಂದು ತಟ್ಟೆಯ ಪಕ್ಕ ಕುಕ್ಕುತ್ತಿದ್ದರು.

“ತಗೊಳ್ಳಿ. ಸಾರನ್ನ ಕತ್ತರಿಸ್ಕೊಂಡು ತಿನ್ನಿ!”

ಹೊಸ ಮಗ್ಗ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬರನ್ನು ಮಾವ ಒಂದು ಭಾನುವಾರ ಊಟಕ್ಕೆ ಕರೆದರು. ಅತಿಥಿ ಗೇಟಿನ ಬಳಿ ಕಾಣಿಸಿದ್ದೇ ತಡ, ಮಾವ ಬಾಗಿಲಲ್ಲಿ ನಿಂತು ಅಂಗೈ ಕೆಳಗೆ ಮಾಡಿ ಬೆರಳು ಆಡಿಸಿದರು. ನಮ್ಮಲ್ಲಿ ಅದು ‘ಬನ್ನಿ’. ಅವರ ದೇಶದಲ್ಲಿ ಅದು ‘ಆಚೆ ಹೋಗು’ ಅಂತೆ! ಪಾಪ, ಅವರು ಹಿಂದೆ ಸರಿದರು. ಮಾವ ಇನ್ನೂ ಜೋರಾಗಿ ಕರೆದರು. ಅವರು ಇನ್ನೂ ಬೇಗ ಹೊರಟರು. ನಾನೇ ಓಡಿಹೋಗಿ ಹಿಡಿದು ತರಬೇಕಾಯಿತು.

ಊಟವಾದ ಮೇಲೆ ಅತಿಥಿ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಮುಖದೆದುರು ಹಿಡಿದರು. ಅಡುಗೆ ಬಹಳ ಚೆನ್ನಾಗಿತ್ತು ಅಂತ. ಮಾವನಿಗೆ ಕಂಡದ್ದು ನಶ್ಯದ ಚಿಟಿಕೆ! “ನೋಡೇ, ಇವರಿಗೂ ಅಭ್ಯಾಸ ಇದೆ!” ಎಂದು ಬಾಯಿಬಿಟ್ಟೇ ಹೇಳಿ, ಡಬ್ಬಿ ಚಾಚಿದರು. ಬೇಡ ಎನ್ನಲು ಸಂಕೋಚಪಟ್ಟು ಅವರೂ ಏರಿಸಿದರು. ಆಮೇಲಿನ ಸೀನುಗಳಿಗೆ ಬೀದಿನಾಯಿಗಳು ಉತ್ತರ ಕೊಟ್ಟವು.

“ಇನ್ಮೇಲೆ ಯಾರಾದ್ರೂ ಮನೆಗೆ ಬಂದ್ರೆ ಕೈ ಕಟ್ಕೊಂಡು ಕೂತಿರಿ” ಎಂದರು ಅತ್ತೆ. ಮಾವ ಕೈ ಕಟ್ಟಿಕೊಂಡರು. ಅವತ್ತು ಸಂಜೆಯವರೆಗೂ ಮನೆಯಲ್ಲಿ ಮಾತಿಲ್ಲ!

ನನ್ನ ಮನೆ ವಿಲ್ಸನ್ ಗಾರ್ಡನ್ನಿನಲ್ಲಿ. ಅವರನ್ನು ನೋಡಿಕೊಂಡು ಹಿಂದಿರುಗುವಾಗ ಮಾವ ಗೇಟಿನ ತನಕ ಬರುವರು. ನಾನು ಬೀದಿಯ ತಿರುವು ಮುಟ್ಟಿ ಹಿಂದೆ ನೋಡಿದರೆ, ಅಂಗೈ ಕೆಳಗೆ ಮಾಡಿ ಬೆರಳು ಆಡಿಸುತ್ತಾ ನಿಂತಿರುವರು. ಏನೋ ಮರೆತೆನೆಂದು ವಾಪಸು ಓಡುತ್ತಿದ್ದೆ.

“ಯಾಕಮ್ಮ ಬಂದೆ?”

“ನೀವೇ ಕರೆದ್ರಲ್ಲ ಮಾವ!”

“ಕರೀಲಿಲ್ಲ. ಹೋಗಿ ಬಾ ಅಂದೆ.”

“ಅದ್ರಲ್ಲಿ ‘ಹೋಗು’ ಎಲ್ಲಿತ್ತು?”

“ಹೋಗೋದು ಹೆಂಗೂ ಹೋಗ್ತೀಯ. ಬರೋದನ್ನ ಮಾತ್ರ ಹೇಳ್ದೆ.”

ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ಮಾತು ನಿಂತಿತ್ತು. ನಾನು ಕೋಣೆಯ ಬಾಗಿಲಲ್ಲಿದ್ದೆ. ಹಾಸಿಗೆಯ ಮೇಲಿನಿಂದ ಕೈ ಎದ್ದಿತು. ಅಂಗೈ ಕೆಳಗೆ, ಬೆರಳುಗಳು ಮೆಲ್ಲಗೆ ಆಡಿದವು.

“ನಿನ್ನೇ ಕರೀತಿದಾರೆ, ಹೋಗೇ” ಎಂದರು ಅತ್ತೆ.

“ಇಲ್ಲಮ್ಮ,” ಎಂದರು ನೋಡಲು ಬಂದಿದ್ದ, ಮಾವನ ಜೊತೆ ದುಡಿದಿದ್ದ ಮುದುಕರೊಬ್ಬರು. “ನಮ್ ಮಿಲ್‌ನಲ್ಲಿ ಹಂಗಂದ್ರೆ ಮಗ್ಗ ನಿಲ್ಸು ಅಂತ.”

ಆ ಇಂಜಿನಿಯರರು ಅಲ್ಲಿದ್ದಿದ್ದರೆ ಬೀದಿಗೇ ಹೋಗಿಬಿಡುತ್ತಿದ್ದರು. ನಾನು ಹತ್ತಿರ ಹೋಗಿ ಆ ಕೈ ಹಿಡಿದುಕೊಂಡೆ. ಹಿಡಿದ ಮೇಲೆ ಕೈ ಇನ್ನೇನು ಹೇಳೀತು? ಬಿಟ್ಟಿದ್ದರೆ ಇನ್ನೊಂದು ಸನ್ನೆ ಮಾಡುತ್ತಿದ್ದರೋ ಏನೋ. ಆದರೂ ಬಿಡಲಾಗಲಿಲ್ಲ.

ಸಂಜೆ ಅವರನ್ನು ಹೊತ್ತುಕೊಂಡು ಹೊರಟರು. ಹೆಂಗಸರಾದ ನಾವು ಗೇಟಿನಲ್ಲೇ ನಿಂತೆವು. ಬೀದಿಯ ತಿರುವು ಬರುವ ಹೊತ್ತಿಗೆ ಅತ್ತೆ ನನ್ನ ಭುಜ ಮುಟ್ಟಿದರು.

“ಯಾರನ್ನೇ ಕರೀತಿದೀಯ?”

ಆಗಲೇ ನೋಡಿಕೊಂಡದ್ದು. ನನ್ನ ಕೈ ಮೇಲೆದ್ದಿತ್ತು. ಅಂಗೈ ಕೆಳಗೆ, ಬೆರಳುಗಳು ಆಡುತ್ತಲೇ ಇದ್ದವು.