ಡಸ್ಟರ್ ಏಟಿಗೂ ಪ್ರಶ್ನೆಗೂ ಇರುವ ಸಂಬಂಧ

ಸಿಡುಕರಿಗೆ ತಾವು ಸಿಡುಕರೆಂದು ಗೊತ್ತಾಗುವುದಿಲ್ಲ. ಗೊರಕೆ ಹೊಡೆಯುವವರ ಹಾಗೆ, ಸುದ್ದಿ ಬೇರೆಯವರಿಂದಲೇ ಬರಬೇಕು. ನಾನು ಬಲು ಸಮಾಧಾನದ ಮನುಷ್ಯ ಎಂದು ನಂಬಿಕೊಂಡೇ ನ್ಯಾಮತಿ ಹತ್ತಿರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳುತ್ತಿದ್ದೇನೆ. ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಏನಿದ್ದರೂ ಡಸ್ಟರಿನಿಂದ ಮೇಜು ಕುಟ್ಟುತ್ತೇನೆ, ಅಷ್ಟೆ. ಮೇಜಿಗೇನು ನೋವೇ? ಒಮ್ಮೆ ಹೊನ್ನಾಳಿಯ ಮನೆಯಲ್ಲಿ ಹೆಂಡತಿಯ ಮುಂದೆ ಈ ನನ್ನ ಸಮಾಧಾನದ ಬಗ್ಗೆ ಹೇಳಿಕೊಂಡಾಗ ಆಕೆ, "ನಿಮ್ಮ ಸಮಾಧಾನ ಓಣಿಗೆಲ್ಲಾ ಕೇಳಸ್ತೈತೆ ಬಿಡ್ರಿ" ಎಂದು ಒಳಗೆ ಹೋದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ನನಗಿದ್ದ ಚಿಂತೆ ಒಂದೇ. ಒಂಬತ್ತನೇ ತರಗತಿಯಲ್ಲಿ ಪ್ರಶ್ನೆ ಕೇಳುವವರೇ ಅಪರೂಪ. ಅರ್ಥವಾಯಿತೇ ಎಂದರೆ ಎಲ್ಲರೂ ಒಟ್ಟಿಗೆ ತಲೆಯಾಡಿಸುವರು. ಟೆಸ್ಟಿನಲ್ಲಿ ನೋಡಿದರೆ ಆ ತಲೆಗಳೊಳಗೆ ಏನೂ ಇಳಿದಿರುತ್ತಿರಲಿಲ್ಲ. ಎರಡನೇ ಬೆಂಚಿನ ಚೈತ್ರಾಳಂತೂ ಜೂನ್‌ನಿಂದ ಬಾಯಿ ಬಿಟ್ಟವಳಲ್ಲ. ಇಪ್ಪತ್ತೈದಕ್ಕೆ ಆರು ಅಂಕ. ಹೀಗೇ ಆದರೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಡುಮ್ಕಿ ಹೊಡೆಯುತ್ತಾಳೆ, ನರ್ಸ್ ಆಗಬೇಕೆಂಬ ಅವಳ ಆಸೆಗೂ ಅಲ್ಲಿಗೇ ಮಂಗಳ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಸಂಕಟವಾದಾಗಲೆಲ್ಲ ಇನ್ನೊಮ್ಮೆ ಮೇಜು ಕುಟ್ಟುತ್ತಿದ್ದೆ.

ಇಂಥದ್ದರಲ್ಲಿ ಚದುರು ನಕ್ಷೆಯ ಪಾಠ ಬಂತು. ಅಡ್ಡಗೆರೆಗೆ ಒಂದು ಸಂಗತಿ, ನಿಂತ ಗೆರೆಗೆ ಇನ್ನೊಂದು, ದಿನಕ್ಕೊಂದು ಚುಕ್ಕಿ. ಚುಕ್ಕಿಗಳು ಮೇಲಕ್ಕೆ ಹತ್ತುತ್ತ ಹೋದರೆ ಎರಡೂ ಕೂಡಿ ಬೆಳೆಯುತ್ತವೆ. ಕೆಳಕ್ಕೆ ಇಳಿದರೆ ಒಂದು ಹೆಚ್ಚಿದಾಗ ಇನ್ನೊಂದು ಕಡಿಮೆ. ಹೇಗೆಂದರೆ ಹಾಗೆ ಚೆಲ್ಲಿಕೊಂಡಿದ್ದರೆ ಸಂಬಂಧವಿಲ್ಲ. ಪುಸ್ತಕದ ಲೆಕ್ಕ ಬೇಡ, ನಿಮಗೆ ಬೇಕಾದ ಎರಡು ಸಂಗತಿಗಳನ್ನು ಮೂರು ವಾರ ಗಮನಿಸಿ ನಕ್ಷೆ ಬರೆದು ತನ್ನಿ ಎಂದೆ. ಮನುಷ್ಯ ಕೆಡುವುದು ಇಂಥ ಉದಾರ ಮಾತುಗಳಿಂದಲೇ.

ಮೂರು ವಾರಕ್ಕೆ ಸರಿಯಾಗಿ ನಕ್ಷೆಗಳು ಬಂದವು. ಒಬ್ಬ, ತನ್ನ ಅಜ್ಜಿ ದಿನಕ್ಕೆ ಎಷ್ಟು ಸಲ ಹಸಿವಿಲ್ಲ ಅನ್ನುತ್ತಾರೆ, ಎಷ್ಟು ರೊಟ್ಟಿ ತಿನ್ನುತ್ತಾರೆ ಎಂದು ಬರೆದಿದ್ದ. ಚುಕ್ಕಿಗಳು ಏಣಿ ಹತ್ತಿದ್ದವು. ಇನ್ನೊಬ್ಬಳು ಬಸ್ಸು ತಡವಾಗುವುದಕ್ಕೂ ಮಳೆಗೂ ಸಂಬಂಧ ಹುಡುಕಲು ಹೋಗಿ, ನಮ್ಮ ಬಸ್ಸಿಗೆ ಯಾವುದರ ಹಂಗೂ ಇಲ್ಲವೆಂದು ಸಾಧಿಸಿದ್ದಳು. ನಕ್ಕು ನಕ್ಕು ಸಾಕಾಗಿ ಚೈತ್ರಾಳ ಹಾಳೆ ತೆಗೆದೆ. ಅಡ್ಡಗೆರೆಗೆ 'ಸಾರ್ ಮೇಜು ಕುಟ್ಟಿದ್ದು', ನಿಂತ ಗೆರೆಗೆ 'ನಾವು ಪ್ರಶ್ನೆ ಕೇಳಿದ್ದು'. ಚುಕ್ಕಿಗಳು ಜಾರುಬಂಡೆಯಲ್ಲಿ ಕೂತ ಹಾಗೆ ಎಡದಿಂದ ಬಲಕ್ಕೆ ಇಳಿದಿದ್ದವು. ಎಡಗಡೆ, ಎಲ್ಲಕ್ಕಿಂತ ಮೇಲಿದ್ದ ಚುಕ್ಕಿ ಯಾವ ದಿನದ್ದು ಎಂದು ಕೇಳಿದರೆ, ನನ್ನ ಕೈ ಉಳುಕಿದ್ದ ದಿನದ್ದಂತೆ.

ಮುಖ ಬಿಸಿಯಾಯಿತು. ಆದರೂ ಮೇಷ್ಟ್ರಲ್ಲವೇ, ಸೋಲಲಿಲ್ಲ. ಎರಡು ಸಂಗತಿ ಜೊತೆಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು, ನೀವು ಪ್ರಶ್ನೆ ಕೇಳುವುದಿಲ್ಲ ಎಂದೇ ನಾನು ಕುಟ್ಟುತ್ತಿರಬಹುದಲ್ಲ ಎಂದೆ. ಪಾಠದ ದೃಷ್ಟಿಯಿಂದ ಮಾತು ಸರಿಯಾಗಿಯೇ ಇತ್ತು. ಹೇಳುವ ಭರದಲ್ಲಿ ಮೇಜನ್ನೂ ಕುಟ್ಟಿಬಿಟ್ಟಿದ್ದೆ.

ಚೈತ್ರಾ ನೆಲ ನೋಡುತ್ತಲೇ ಎದ್ದು ನಿಂತಳು. "ಒಂದು ವಾರ ಡಸ್ಟರ್ ನನ್ನತ್ರ ಇರ್ಲಿ ಸಾರ್. ಯಾವುದು ಕಾರಣ ಅಂತ ಗೊತ್ತಾಗ್ತೈತೆ." ಅಷ್ಟು ಉದ್ದದ ಮಾತು ಅವಳು ನನ್ನೊಡನೆ ಆಡಿದ್ದು ಅದೇ ಮೊದಲು. ಕೊಡದೆ ಹೇಗಿರಲಿ?

ಸೋಮವಾರ ನನ್ನ ಬರಿಗೈ ಮೇಲೆದ್ದು, ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದು ಇಳಿಯಿತು. ಆ ದಿನ ಯಾರೂ ಏನೂ ಕೇಳಲಿಲ್ಲ. ಒಳಗೊಳಗೇ ಗೆದ್ದೆ ಅಂದುಕೊಂಡೆ. ಬುಧವಾರ ಮೂವರು ಕೇಳಿದರು. ಶುಕ್ರವಾರ ಎಂಟು ಪ್ರಶ್ನೆಗಳಾದ ಮೇಲೆ ಚೈತ್ರಾ ಕೈ ಎತ್ತಿದಳು.

"ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಹೆಂಗಾಗ್ತೈತೆ ಸಾರ್? ಏಳನೇ ಕ್ಲಾಸಿಂದ ಕೇಳಾಕೆ ಕಾಯ್ತಾ ಇದ್ದೆ."

ಎರಡು ವರ್ಷದಿಂದ ಈ ಹುಡುಗಿ ಅಲ್ಲೇ ನಿಂತಿದ್ದಳು! ಅದು ನಿಯಮ, ಬಾಯಿಪಾಠ ಮಾಡು ಎನ್ನುವ ಮಾತು ತುಟಿಗೆ ಬಂತು; ಕೈ ತಾನಾಗಿಯೇ ಡಸ್ಟರಿಗಾಗಿ ಮೇಜೆಲ್ಲ ತಡಕಾಡಿತು. ಆಗ ತಿಳಿಯಿತು: ಇಷ್ಟು ವರ್ಷ ಆ ಏಟು ಮಕ್ಕಳನ್ನು ಸುಮ್ಮನಿರಿಸುವುದಕ್ಕಿಂತ ಹೆಚ್ಚಾಗಿ ನನ್ನ ಮಾನ ಕಾಯುತ್ತಿತ್ತು. "ನನಗೂ ಸರಿಯಾಗಿ ಗೊತ್ತಿಲ್ಲಮ್ಮ, ಓದ್ಕೊಂಡು ನಾಳೆ ಹೇಳ್ತೀನಿ" ಎಂದೆ.

ಯಾರೂ ನಗಲಿಲ್ಲ. ಬದಲಿಗೆ ಹಿಂದಿನ ಬೆಂಚಿನಲ್ಲಿ ಇನ್ನೊಂದು ಕೈ ಎದ್ದಿತು. ಚೈತ್ರಾ ಹಾಳೆ ತೆಗೆದು ಖುಷಿಯಿಂದ ಆ ದಿನದ ಚುಕ್ಕಿ ಇಟ್ಟಳು: ಏಟು ಸೊನ್ನೆ, ಪ್ರಶ್ನೆ ಹತ್ತು. ಉತ್ತರ ಎಷ್ಟು ಬಂತು ಎಂದು ಬರೆಯಲು ಮೂರನೇ ಗೆರೆ ಇರಲಿಲ್ಲ, ಬದುಕಿಕೊಂಡೆ.