ಟಿವಿ ಬಿಟ್ಟ ಮಹಾತ್ಮನ ಸೋದರತ್ತೆ

ನಮ್ಮ ಸೋದರತ್ತೆಗೆ ಟಿವಿ ನೋಡುವ ಚಟ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳು ಒಂದು ದಿನವೂ ಟಿವಿ ನೋಡಿದವಳಲ್ಲ! ಟಿವಿಯವರೇ ದಿನಾ ಸಂಜೆ ಅವಳನ್ನು ನೋಡಿಕೊಂಡು ಹೋಗಲು ಬರುತ್ತಾರೆ ಎಂಬುದು ಅವಳ ತಿಳುವಳಿಕೆ. ಮನೆಗೆ ಬಂದವರನ್ನು ಮಾತಾಡಿಸದೆ ಇರಲಾದೀತೆ? ವಾರ್ತೆ ಓದುವ ಹುಡುಗಿ ‘ನಮಸ್ಕಾರ’ ಅಂದರೆ ಅತ್ತೆ ಸೆರಗು ಸರಿಮಾಡಿಕೊಂಡು, “ನಮಸ್ಕಾರ ಕಣವ್ವ, ಚೆನ್ನಾಗಿದ್ದೀಯಾ?” ಅನ್ನುತ್ತಾಳೆ. ಆ ಹುಡುಗಿ ಉತ್ತರ ಕೊಡದೆ ನೇರ ಅಪಘಾತದ ಸುದ್ದಿಗೆ ಹೋದರೆ, “ಪಾಪ, ಕೆಲ್ಸದ ಅವಸರ” ಎಂದು ಅವಳ ಪರವಾಗಿ ನಮ್ಮ ಹತ್ತಿರ ಸಮಜಾಯಿಷಿ ಬೇರೆ.

ಅತ್ತೆ ಚಿಕ್ಕಜಾಲದವಳು. ಮಾವ ತೀರಿಕೊಂಡ ಮೇಲೆ ಸಹಕಾರನಗರದ ನಮ್ಮ ಮನೆಗೆ ಬಂದಳು, ಬರುವಾಗ ಊರಿನ ರೀತಿನೀತಿಗಳನ್ನೆಲ್ಲ ಗಂಟುಕಟ್ಟಿಕೊಂಡೇ ಬಂದಳು. ಅವು ನಮಗೆ ಅನ್ವಯಿಸುವುದಕ್ಕಿಂತ ಹೆಚ್ಚಾಗಿ ಟಿವಿಗೆ ಅನ್ವಯಿಸುತ್ತವೆ. ಧಾರಾವಾಹಿಯಲ್ಲಿ ಯಾರಾದರೂ ಅಳುತ್ತಿದ್ದರೆ ಚಾನೆಲ್ ಬದಲಿಸುವ ಹಾಗಿಲ್ಲ. “ಅಳೋರ್ನ ಬುಟ್ಟು ಎದ್ದೋಗ್ತಾರೇನ್ಲಾ? ಮನುಸ್ರಾ ನೀವು?” ಎಂದು ಗದರುತ್ತಾಳೆ. ಧಾರಾವಾಹಿಯಲ್ಲಿ ಅಳು ನಿಲ್ಲುವುದುಂಟೆ? ಹೀಗಾಗಿ ನಾನು ಎಷ್ಟು ಕ್ರಿಕೆಟ್ ಪಂದ್ಯಗಳ ಕೊನೆಯ ಓವರ್ ಕಳೆದುಕೊಂಡಿದ್ದೇನೋ ಆ ದೇವರಿಗೇ ಗೊತ್ತು!

ಇನ್ನು ಧಾರಾವಾಹಿಯಲ್ಲಿ ಮದುವೆ ಬಂತೆಂದರೆ ಮುಗಿಯಿತು. ಅತ್ತೆ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂರುತ್ತಾಳೆ. ವಾಲಗ ಜೋರಾಗುತ್ತದೆ, ಗಂಡು ತಾಳಿ ಎತ್ತುತ್ತಾನೆ, ಅತ್ತೆ ಅಕ್ಷತೆ ಬೀರುತ್ತಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ “ನಿಲ್ಸಿ!” ಎಂದು ಕೂಗುತ್ತಾರೆ. ಮಾರನೆಯ ದಿನ ಮತ್ತೆ ಅದೇ ವಾಲಗ, ಅದೇ ತಾಳಿ, ಹೊಸ ಅಕ್ಷತೆ. ಒಂದು ಸಲ ಟಿವಿ ಕೆಟ್ಟು ಕೇಬಲ್ಲಿನವನನ್ನು ಕರೆಸಿದೆವು. ಅವನು ಸೆಟ್ ಟಾಪ್ ಬಾಕ್ಸ್ ಬಿಚ್ಚಿ ಅಲ್ಲಾಡಿಸಿದರೆ ಒಳಗಿಂದ ಅರಿಶಿನದ ಅಕ್ಕಿ ಸುರಿಯಿತು. ಅವನು ನನ್ನ ಮುಖ ನೋಡಿ, “ಸಾರ್, ಇದ್ರಲ್ಲಿ ಚಿತ್ರಾನ್ನ ಮಾಡ್ತೀರಾ?” ಅಂದ.

ನೋಡಿ, ನಾನು ಮಾತ್ರ ಹಾಗಲ್ಲ. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ವಿಚಾರವಂತ. ನಾನು ಎಂದೂ ಟಿವಿ ಮುಂದೆ ಕೂರುವುದಿಲ್ಲ. ನಿಂತುಕೊಂಡು ನೋಡುತ್ತೇನೆ! ನಿಂತು ನೋಡಿದರೆ ನೋಡಿದ ಹಾಗಲ್ಲ, ಎಲ್ಲಿಗೋ ಹೊರಟವನ ಕಣ್ಣಿಗೆ ಬಿದ್ದ ಹಾಗೆ. ಹೆಗಲ ಮೇಲೆ ಟವೆಲ್ ಇದ್ದರಂತೂ ಯಾರೂ ಕೇಳುವ ಹಾಗೇ ಇಲ್ಲ. ಎಷ್ಟೋ ಸಂಜೆ ಸ್ನಾನಕ್ಕೆಂದು ಹೊರಟವನು ಧಾರಾವಾಹಿ ಮುಗಿಯುವವರೆಗೂ ಹಾಗೇ ನಿಂತಿದ್ದೇನೆ. “ರೀ, ಕಾಲ್ ನೋಯಲ್ವಾ? ಕೂತ್ಕೊಂಡೇ ನೋಡಿ, ನಾನ್ಯಾರಿಗೂ ಹೇಳಲ್ಲ” ಎಂದು ಹೆಂಡತಿ ಅಡುಗೆಮನೆಯಿಂದ ಚುಚ್ಚುತ್ತಾಳೆ.

ಇಂಥ ನನ್ನನ್ನು ನಮ್ಮ ಬಡಾವಣೆಯ ಪಾರ್ಕಿನವರು ಒಂದು ಭಾನುವಾರ ಭಾಷಣಕ್ಕೆ ಕರೆದರು. ವಿಷಯ, ಟಿವಿಯಿಂದ ಸಂಸಾರಕ್ಕೆ ಆಗುವ ಹಾನಿ. ಮೈಕು ಕೈಗೆ ಬಂದರೆ ಮೇಷ್ಟ್ರಾದವನು ಬಿಡುತ್ತಾನೆಯೆ? ಟಿವಿಯನ್ನು ಕಳ್ಳ ಎಂದೆ, ಬಕಾಸುರ ಎಂದೆ. ಚಪ್ಪಾಳೆಯೋ ಚಪ್ಪಾಳೆ! ಶಾಲು ಹೊದಿಸಿದರು. ಆಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದುನಿಂತು, “ಹಾಗಾದ್ರೆ ನಿಮ್ಮನೇಲಿ ಟಿವಿ ಇಲ್ವಾ ಸಾರ್?” ಎಂದು ಕೇಳಿಬಿಟ್ಟರು. ಹೊದ್ದ ಶಾಲಿನ ಬಿಸಿಗೋ ಏನೋ, “ಬಿಟ್ಟುಬಿಟ್ವಿ” ಎಂಬ ಮಾತು ನನ್ನ ಬಾಯಿಂದ ಜಾರಿತು. ನಮ್ಮ ಮನೆ ಟಿವಿಯ ಸದ್ದು ಪಾರ್ಕಿಗೇ ಕೇಳುತ್ತದೆ. ಹಾಗಾಗಿ ಮಾತು ಉಳಿಸಿಕೊಳ್ಳಲು ನಿಜವಾಗಿ ಬಿಡದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದು ಘೋಷಿಸಿದೆ. ಹೆಂಡತಿ ನಕ್ಕು, “ಅತ್ತೆ ಬೇಕಾದ್ರೆ ಬಿಟ್ಟಾರು. ನೀವಾ?” ಅಂದಳು. ನನಗೆ ಭಯವಿದ್ದದ್ದು ಅತ್ತೆಯದೇ. ಆದರೆ ಅವಳು ರಂಪ ಮಾಡಲಿಲ್ಲ. “ನಿನ್ ಮರ್ವಾದೆ ಮಾತು ಅಂದ್ಮ್ಯಾಕೆ ಬುಡಾಣ ಬುಡ್ಲಾ” ಅಂದಳು. ಆ ಸಂಜೆ ಧಾರಾವಾಹಿ ಮುಗಿಯುವವರೆಗೆ ಕಾದು, ಟಿವಿಯ ಮುಂದೆ ನಿಂತು, “ಒಂದಷ್ಟ್ ದಿನ ಈ ಕಡೀಕ್ ಬರ್ಬ್ಯಾಡ್ರವ್ವ. ನಮ್ಮುಡ್ಗ ಮಾತು ಕೊಟ್ಬುಟ್ಟವ್ನೆ. ಬ್ಯಾಸ್ರ ಮಾಡ್ಕಬ್ಯಾಡಿ” ಎಂದು ಎಲ್ಲರನ್ನೂ ಕಳಿಸಿಕೊಟ್ಟಳು. ತನ್ನದೇ ಹಳೆಯ ಸೀರೆಯೊಂದನ್ನು ಟಿವಿಗೆ ಹೊದಿಸಿದಳು.

ಅತ್ತೆ ಬಿಟ್ಟಳು, ಒದ್ದಾಡಿದವನು ನಾನು! ಕೊಡಿಗೇಹಳ್ಳಿಯ ಅಂಗಡಿಗೆ ಹೋಗಿ ಫ್ರಿಜ್ಜಿನ ಬೆಲೆ ಕೇಳುವ ನೆಪದಲ್ಲಿ ಅಲ್ಲಿ ಹಾಕಿದ್ದ ಟಿವಿಗಳ ಮುಂದೆ ನಿಂತೆ. ಕ್ಷೌರದಂಗಡಿಯಲ್ಲಿ ಟಿವಿ ಇದೆಯೆಂದು ಮತ್ತೆ ಮತ್ತೆ ಹೋದೆ. ಮೊದಲೇ ನನ್ನದು ಬೋಳುತಲೆ. ಅಂಗಡಿಯವನು ಕೊನೆಗೆ ಕತ್ತರಿ ಕೆಳಗಿಟ್ಟು, “ಸಾರ್, ಇನ್ನು ಕತ್ತರಿಸ್ಬೇಕು ಅಂದ್ರೆ ಕಿವಿ ಮಾತ್ರ ಇರೋದು. ಸುಮ್ನೆ ಕೂತ್ಕೊಂಡು ನೋಡಿ” ಅಂದ.

ಈ ನಡುವೆ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಅತ್ತೆ ರಾತ್ರಿ ಊಟ ಬಿಟ್ಟಿದ್ದಳು. ಹೆಂಡತಿ ಕರೆದಾಗಲೆಲ್ಲ “ಅಸಿವಿಲ್ಲ ಕಣವ್ವ” ಎಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಇಡೀ ಮುದ್ದೆಯನ್ನು ಸಲೀಸಾಗಿ ಇಳಿಸುತ್ತಿದ್ದ ಹೆಂಗಸು! ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆಯಿಲ್ಲ ಅಂದರು. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಶಾಲು ಆ ಮುದುಕೀನ ತಿಂತಾ ಇದೆ ನೋಡಿ” ಅಂದಳು. ನನಗೆ ಸಿಟ್ಟು ಬಂತು. ಟಿವಿ ಇಲ್ಲದೆ ಯಾರಾದರೂ ಸತ್ತದ್ದುಂಟೆ? ಮೊಂಡುತನದಲ್ಲಿ ನಾನೂ ಚಿಕ್ಕಜಾಲದ ರಕ್ತವೇ ಅಲ್ಲವೆ!

ಆ ಸಿಟ್ಟಿನಲ್ಲೇ ಮಹಡಿ ಮೇಲಿನ ಬಾಡಿಗೆಯವರ ಮನೆಗೆ ಹೋದೆ. ಧಾರವಾಡ ಕಡೆಯ ಸಂಸಾರ, ಯಜಮಾನರು ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ನೀರಿನ ಮೋಟಾರಿನ ವಿಷಯ ಮಾತಾಡುವುದು ನೆಪ. ಸರಿಯಾಗಿ ಧಾರಾವಾಹಿಯ ಹೊತ್ತಿಗೇ ಹೋಗಿದ್ದೆ ಅನ್ನುವುದನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ? ಹೋಗಿ ನೋಡಿದರೆ ಅಲ್ಲಿ ಟಿವಿಯೇ ಹಾಕಿಲ್ಲ! ಗಂಡ, ಹೆಂಡತಿ, ಮಕ್ಕಳು ನೆಲದ ಮೇಲೆ ಸುತ್ತ ಕೂತು ರೊಟ್ಟಿ ತಿನ್ನುತ್ತಿದ್ದಾರೆ.

“ಬರ್ರಿ ಸರ! ಪಾರ್ಕಿನ್ಯಾಗ ನಿಮ್ಮ ಭಾಷಣ ಕೇಳಿದ ದಿನಾನ ಟಿವಿ ಬಂದ್ ಮಾಡಿದ್ವಿ ನೋಡ್ರಿ” ಎಂದು ಆತ ಕೈಮುಗಿದ. “ಮೊದ್ಲು ಒಬ್ಬೊಬ್ಬರ ಒಂದೊಂದು ಹೊತ್ತಿಗೆ ಉಣ್ತಿದ್ವಿ. ಈಗ ಎಲ್ಲಾರೂ ಕೂಡೇ ಕುಂತು ಉಣ್ಣಾಕತ್ತೇವ್ರಿ. ನಮ್ಮ ಸಣ್ಣಾಕಿ ಒಂದು ರೊಟ್ಟಿ ಜಾಸ್ತೀನ ತಿಂತಾಳ್ರಿ ಸರ!”

ಮೋಟಾರಿನ ಮಾತು ಮರೆತು ಕೆಳಗಿಳಿದೆ. ನಮ್ಮ ಮನೆಯ ಊಟದ ಹೊತ್ತು ಕಣ್ಣ ಮುಂದೆ ಬಂತು. ನನ್ನ ತಟ್ಟೆ ಲ್ಯಾಪ್‌ಟಾಪಿನ ಪಕ್ಕ, ಮಗಳ ತಟ್ಟೆ ಅವಳ ಕೋಣೆಯಲ್ಲಿ, ಹೆಂಡತಿ ಅಡುಗೆಕಟ್ಟೆಗೆ ಒರಗಿ ಫೋನಿನಲ್ಲಿ ಮಾತಾಡುತ್ತ ನಾಲ್ಕು ತುತ್ತು. ಅತ್ತೆಯ ತಟ್ಟೆ?

ಅತ್ತೆ ನಡುಮನೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು.

“ಅತ್ತೆ, ನಿಜ ಹೇಳು. ಟಿವಿ ಇಲ್ಲ ಅಂತ ತಾನೇ ಊಟ ಬಿಟ್ಟಿರೋದು?”

“ಥೂ, ಟಿವಿ ಯಾವನಿಗ್ ಬೇಕ್ಲಾ?” ಅಂದಳು. ಸೆರಗಿನ ಅಂಚು ಹಿಂಡುತ್ತ, ನಾಚಿಕೊಂಡವಳಂತೆ ಹೇಳಿದಳು: “ನಂಗೆ ಒಬ್ಳೇ ಕುಂತು ಉಂಡು ಅಬ್ಯಾಸ ಇಲ್ಲ ಕಣ್ಲಾ. ಆ ಧಾರಾವಾಯಿ ಮನೆಯೋರು ದಿನಾ ಸಂದೆ ಸಾಲಾಗಿ ಕುಂತು ಉಣ್ತಿದ್ರಲ್ಲ, ಅವ್ರ ಜೊತೇಲಿ ನಾನೂ ಎಲ್ಡ್ ತುತ್ತು ಉಣ್ತಿದ್ದೆ. ಒಬ್ಳೇ ಆದ್ರೆ ಒಳೀಕೆ ಇಳಿಯಾಕಿಲ್ಲ.”

ಟಿವಿಯಿಂದ ಸಂಸಾರ ಹಾಳು ಎಂದು ಶಾಲು ಹೊದ್ದು ಬಂದವನು ನಾನು. ನಾವು ಮೂರು ಜನ ಮನೆಯಲ್ಲೇ ಇದ್ದೂ, ಇವಳು ಗಾಜಿನ ಆಚೆಯವರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದಳು! ಆ ಪಂಕ್ತಿಯನ್ನೂ ನಾನು ಎಬ್ಬಿಸಿ ಕಳಿಸಿದ್ದೆ. ನನ್ನ ಕಣ್ಣು ತುಂಬಿದ್ದು ಅವಳಿಗೆ ಕಾಣದಿರಲಿ ಎಂದು ಅಡುಗೆಮನೆಗೆ ನಡೆದೆ. ಹೆಂಡತಿಯ ಫೋನು ಇಡಿಸಿದೆ, ಮಗಳನ್ನು ಕೂಗಿ ಕರೆದೆ. ಚಾಪೆ ಹಾಸಿ ನಾಲ್ಕು ತಟ್ಟೆ ಇಟ್ಟೆವು. ಮುದ್ದೆ, ಸೊಪ್ಪಿನ ಸಾರು. ಕೆಳಗೆ ಕೂರಲು ಹೋಗಿ ನನ್ನ ಮಂಡಿ ಪಟಪಟ ಅಂದಿತು, ಮಗಳು ನಕ್ಕಳು.

ಅತ್ತೆ ಮೊದಲು ನಮ್ಮ ಮೂರೂ ತಟ್ಟೆ ನೋಡಿದಳು. ನಾವು ಬಾಯಿಗಿಟ್ಟ ಮೇಲೆ ತಾನೂ ಒಂದು ತುತ್ತು ಮುರಿದಳು. ಮತ್ತೊಂದು. ಆಮೇಲೆ, “ಸಾರು ಬುಡವ್ವ” ಎಂದು ತಟ್ಟೆ ಮುಂದೆ ಚಾಚಿದಳು.

ನನಗೆ ತಡೆಯಲಾಗಲಿಲ್ಲ. “ಅತ್ತೆ, ನನ್ನ ಮರ್ಯಾದೆ ಮನೆ ಹಾಳಾಗ್ಲಿ. ಟಿವಿ ಹಾಕ್ಲಾ?” ಅಂದೆ.

ಅವಳು ಬಾಯಲ್ಲಿದ್ದ ತುತ್ತು ನುಂಗಿ, ದಡ್ಡನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಯಾಕ್ಲಾ? ನೀವಿದ್ದೀರಲ್ಲ.”