ಪೆಟ್ಟಿಗೆ ಮಾವನಿಗೆ ಸಿಕ್ಕ ತಂಪು ಕೋಣೆ

ಎಲ್ಲ ರಗಳೆಗೂ ಮೂಲ ಅಂಗೈಯಗಲದ ಒಂದು ಚೀಟಿ.

ಸ್ವಂತ ವಿಮಾನ ಇಟ್ಟುಕೊಂಡವರು ಬಂದುಹೋಗುವ ಆ ಪುಟ್ಟ ನಿಲ್ದಾಣದಲ್ಲಿ ಪೆಟ್ಟಿಗೆ ಮಾವ ಹದಿನಾಲ್ಕು ವರ್ಷದಿಂದ ಸಾಮಾನು ಕೋಣೆ ನೋಡಿಕೊಂಡಿದ್ದ. ತಗಡಿನ ಸೂರು, ಗೊಣಗುವ ಫ್ಯಾನು, ಒಂದು ಕುಂಟು ಸ್ಟೂಲು. ಗೋಡೆಯಾಚೆಗೆ ಅತಿಥಿ ಕೋಣೆ. ಅಲ್ಲಿ ಏಸಿ, ಕೂತರೆ ಏಳಲು ಮನಸ್ಸೇ ಬಾರದ ಸೋಫಾಗಳು. ಸೆಕೆಗಾಲದಲ್ಲಿ ಆ ಗೋಡೆಗೆ ಬೆನ್ನು ಆನಿಸಿ ಕೂತರೆ ಆಚೆಯ ತಂಪು ಒಂಚೂರು ಈಚೆಗೂ ಬರುತ್ತದೆಂದು ಮಾವ ನಂಬಿದ್ದ.

ಅತಿಥಿ ಕೋಣೆಯಲ್ಲಿ ಉಪಚಾರ ಮಾಡುತ್ತಿದ್ದವನು ಕೆಲಸ ಬಿಟ್ಟ. ಮ್ಯಾನೇಜರು ಮಾವನನ್ನು ಕರೆದು, ನಾಳೆ ಒಂದು ದಿನ ನೋಡೋಣ ಅಂದರು. ಬರುವ ವಿಮಾನದ ಯಜಮಾನರು ಅತಿಥಿಗಳ ಅಭಿಪ್ರಾಯದ ಪುಸ್ತಕದಲ್ಲಿ ಒಳ್ಳೆಯ ಮಾತು ಬರೆದರೆ ಅತಿಥಿ ಕೋಣೆ ನಿಮ್ಮದು, ಬರೆಯದಿದ್ದರೆ ಮತ್ತೆ ಆ ಸುದ್ದಿ ಎತ್ತಬೇಡಿ.

ಮಾವನ ಹೆಂಡತಿ ತನ್ನ ತಮ್ಮನ ಕೋಟು ತಂದು ಇಸ್ತ್ರಿ ಹಾಕಿದಳು. ಗುಂಡಿ ಹಾಕಿಕೊಂಡ ಮೇಲೆ ಮಾವ ಬಿಗಿದು ಕಟ್ಟಿದ ಹಾಸಿಗೆಯ ಸುರುಳಿ ಹಾಗೆ ಕಂಡ.

ಅತಿಥಿ ಕೋಣೆಗೆ ಹೊಸದೊಂದು ನಿಯಮ ಬಂದಿತ್ತು. ಅತಿಥಿ ಬಾಯಿ ಬಿಡುವ ಮೊದಲೇ ಬೇಕಾದ್ದು ಅವರ ಕೈಯಲ್ಲಿರಬೇಕು. ಅದಕ್ಕಾಗಿ ಯಾರ್ಯಾರು ಏನೇನು ಕೇಳಿದರೆಂದು ಮುಂಬಾಗಿಲ ಮೇಜಿನ ಹುಡುಗಿ ಚೀಟಿಯಲ್ಲಿ ಬರೆದಿಡುತ್ತಿದ್ದಳು. ಯಜಮಾನರ ಚೀಟಿಯಲ್ಲಿ ಇದ್ದದ್ದು: ಸ್ಟ್ರಾ ಹಾಕಿದ ಹಾಲು, ಬಣ್ಣದ ಪೆನ್ಸಿಲು, ಕೂರಲು ಎರಡು ದಿಂಬು.

"ಇಷ್ಟು ದೊಡ್ಡೋರಿಗೆ ಇದೆಲ್ಲ ಬೇಕೇನಮ್ಮಾ?" ಮಾವನಿಗೆ ಅನುಮಾನ.

"ದೊಡ್ಡೋರಿಗೇ ಹುಚ್ಚು ಜಾಸ್ತಿ ಮಾವ. ಚೀಟೀಲಿ ಇರೋದು ಮಾಡಿ, ಸಾಕು."

ಯಜಮಾನರು ಬಂದರು. ಬಿಳಿ ಮೀಸೆ, ನಿದ್ದೆಗೆಟ್ಟು ಕೆಂಪಾದ ಕಣ್ಣು. ವಿಮಾನದ ಚಕ್ರ ರಿಪೇರಿಗೆ ಮೂರು ಗಂಟೆ ಬೇಕಂತೆ, ಅಷ್ಟು ಹೊತ್ತು ಕಣ್ಣು ಮುಚ್ಚಿದರೆ ಸಾಕು ಅಂದರು. ಮಾವ ಅವರನ್ನು ಎರಡು ದಿಂಬಿನ ಮೇಲೆ ಕೂರಿಸಿದ. ಕಾಲು ನೆಲ ಮುಟ್ಟಲಿಲ್ಲ. ಹಾಲು ಕೊಟ್ಟ. ಏನೂ ಬೇಡಪ್ಪ ಅಂದರು. ಬೇಡ ಅಂದರೆ ಸರಿಯಾದ್ದು ಸಿಕ್ಕಿಲ್ಲ ಅಂತ ಅರ್ಥ, ಎಂದು ಮ್ಯಾನೇಜರು ಹಿಂದಿನಿಂದ ಪಿಸುಗುಟ್ಟಿದರು. ಬಿಸಿ ಸಾಲದಾಯಿತೇನೋ ಎಂದು ಅಡುಗೆಯ ಅಕ್ಕ ಇನ್ನೊಂದು ಲೋಟ ತಂದಳು. ಮಾವ ಪೆನ್ಸಿಲು, ಬಣ್ಣ ತುಂಬಲು ಆನೆಯ ಚಿತ್ರ ತಂದು ಮುಂದಿಟ್ಟ.

ಯಜಮಾನರು ಆನೆಯನ್ನು ಬಹಳ ಹೊತ್ತು ನೋಡಿದರು. "ಇದು ಯಾಕಪ್ಪಾ?"

"ಹೋದ ಸಲ ತಾವೇ ಕೇಳಿದ್ರಂತೆ, ಸ್ವಾಮಿ."

"ಹೋದ ಸಲ ನನ್ನ ಜೊತೆ ಮೊಮ್ಮಗ ಇದ್ದ."

ತಪ್ಪಾಯಿತೆಂದು ಮಾವ ಬಗ್ಗಿದ. ಕೋಟಿನ ಗುಂಡಿ ಕಿತ್ತು ಹಾರಿ ಹಾಲಿನಲ್ಲಿ ಬಿತ್ತು. ಹಾಲು ಯಜಮಾನರ ಮೀಸೆಗೆ ಸಿಡಿಯಿತು. ಒರೆಸಲು ಮ್ಯಾನೇಜರು, ಅಕ್ಕ, ಹುಡುಗಿ ಮೂವರೂ ಒಟ್ಟಿಗೆ ಮುಗಿಬಿದ್ದರು. ಯಜಮಾನರು ಬಚ್ಚಲು ಎಲ್ಲಿ ಅಂತ ಕೇಳಿ ಹೋದವರು ತಿರುಗಿ ಬರಲಿಲ್ಲ.

ಎಲ್ಲರೂ ಹುಡುಕಲು ಓಡಿದರು. ಮಾವ ಮಾತ್ರ ಮುಖ ಮರೆಸಿಕೊಳ್ಳಲು ತನ್ನ ಸಾಮಾನು ಕೋಣೆಗೆ ಹೋದ. ಅಲ್ಲಿ ಬೂಟು ಕಳಚಿ, ಕುಂಟು ಸ್ಟೂಲಿನ ಮೇಲೆ, ಅದೇ ಗೋಡೆಗೆ ಒರಗಿ ಯಜಮಾನರು ಕೂತಿದ್ದರು.

"ಏನಾದ್ರೂ ತರ್ಲಾ ಅಂತ ಮಾತ್ರ ಕೇಳಬೇಡ," ಅಂದರು.

ಮಾವ ಕೇಳಲಿಲ್ಲ. ಕೋಟು ಬಿಚ್ಚಿ, ಮಡಿಸಿ, ಅವರ ತಲೆಯ ಹಿಂದೆ ಇಟ್ಟ. ಹೋದ ಕೆಲಸ ಹೋಯಿತು, ಅವರಾದರೂ ಮಲಗಲಿ ಅಂದುಕೊಂಡ. ಫ್ಯಾನು ಗೊಣಗಿತು, ಯಜಮಾನರು ಗೊರಕೆ ಹೊಡೆದರು. ಬಾಗಿಲಿಗೆ ಬಂದ ಮ್ಯಾನೇಜರಿಗೆ ಮಾವ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಹೆಂಡತಿಗೆ ಏನು ಹೇಳುವುದು, ಹಾಲಿಗೆ ಬಿದ್ದ ಗುಂಡಿ ಎಲ್ಲಿ ಹೋಯಿತು ಎಂಬ ಚಿಂತೆಯಲ್ಲೇ ಎರಡು ಗಂಟೆ ಕಳೆಯಿತು.

ವಿಮಾನ ಹಾರಿದ ಮೇಲೆ ಮ್ಯಾನೇಜರು ಪುಸ್ತಕ ತೆರೆದು ಓದಿದರು. ಇಂಥ ವಿಶ್ರಾಂತಿ ಯಾವ ನಿಲ್ದಾಣದಲ್ಲೂ ಸಿಕ್ಕಿರಲಿಲ್ಲ, ನಿಮ್ಮ ಸಾಮಾನು ಕೋಣೆಗೆ ಸಮ ಇಲ್ಲ, ನನ್ನ ಗೆಳೆಯರಿಗೆಲ್ಲ ಹೇಳುತ್ತೇನೆ.

"ಗೆದ್ರಿ ಮಾವ," ಅಂದರು ಮ್ಯಾನೇಜರು. "ನಾಳೆಯಿಂದ ಅತಿಥಿ ಕೋಣೆ ನಿಮ್ದೇ."

ಆ ರಾತ್ರಿ ಹೆಂಡತಿ ಹಾಡಿಕೊಳ್ಳುತ್ತಾ ಗುಂಡಿ ಹೊಲಿದಳು.

ಬೆಳಗ್ಗೆ ಮಾವ ಕೋಟು ತೊಟ್ಟು ಅತಿಥಿ ಕೋಣೆಯ ಬಾಗಿಲು ತೆಗೆದ. ಸೋಫಾ ಇರಲಿಲ್ಲ. ಸೂರಿನ ತನಕ ಪೆಟ್ಟಿಗೆಗಳು.

ಗೋಡೆಯಾಚೆ ಸಾಮಾನು ಕೋಣೆಯಲ್ಲಿ ಸೋಫಾಗಳನ್ನು ಜೋಡಿಸುವ ಸದ್ದು. ಯಜಮಾನರ ಗೆಳೆಯರು ಬರುತ್ತಾರೆಂದು ಹುಡುಗಿ ಹೊಸ ಚೀಟಿ ಬರೆಯುತ್ತಿದ್ದಳು: ತಗಡಿನ ಸೂರು, ಗೊಣಗುವ ಫ್ಯಾನು, ಕುಂಟು ಸ್ಟೂಲು.

"ಮಾತು ಕೊಟ್ಟಿದ್ದೆ, ಉಳಿಸ್ಕೊಂಡೆ," ಅಂದರು ಮ್ಯಾನೇಜರು.

"ಏಸಿ ಓಡ್ತಾ ಇಲ್ವಲ್ಲ ಸಾರ್?"

"ಪೆಟ್ಟಿಗೆಗಳಿಗೆ ಸೆಕೆ ಆಗುತ್ತಾ ಮಾವ?"

ಮಾವ ಕೂರಲು ಸ್ಟೂಲು ಹುಡುಕಿದ. ಅದು ಈಗ ಅತಿಥಿಗಳದು. ಒಂದು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಕೂತು, ಹಳೆಯ ಅಭ್ಯಾಸದಂತೆ ಅದೇ ಗೋಡೆಗೆ ಬೆನ್ನು ಆನಿಸಿದ. ತಗಡಿನ ಸೂರಿನ ಕಾವು ಆಚೆಯಿಂದ ನಿಧಾನವಾಗಿ ಈಚೆಗೆ ಬರುತ್ತಿತ್ತು.